ಎತ್ತಿಗೆ ಹೇಳಿದ ಮಾತು

ನನ್ನ ನೆನಪಿನಲ್ಲಿ ಆ ಎತ್ತಿನ ಹೆಸರು ಬಸ್ಯ. ಅಕ್ಕನ ನೆನಪಿನಲ್ಲಿ ಅದು ಮಲ್ಲ. ದೇವರಾಜ ಅರಸು ಬಡಾವಣೆಯ ಅವಳ ಮನೆಯಲ್ಲಿ ಕೂತು ನಾವಿಬ್ಬರು ಮುದುಕಿಯರು ಒಂದಿಡೀ ಮಧ್ಯಾಹ್ನ ಇದಕ್ಕಾಗಿ ಜಗಳವಾಡಿದೆವು. ಎತ್ತು ಸತ್ತು ಯಾವ ಕಾಲವಾಯಿತೋ. ಅದನ್ನು ಕಟ್ಟುತ್ತಿದ್ದ ಕೊಟ್ಟಿಗೆಯೂ ಈಗ ಇಲ್ಲ. ಆದರೂ ಅಕ್ಕ ಕಾಫಿ ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡು ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ ಹೇಳಿದಳು.

"ಹರಿಹರದ ಮಾವ ಮಾತಾಡ್ತಿದ್ದುದು ಬಲಗಡೆ ಎತ್ತಿನ ಜೊತೆ. ಮಲ್ಲ."

"ಎಡಗಡೆದು. ಬಸ್ಯ."

"ನೀನು ಕತೆ ಬರೆಯಾಕಿ. ನಿಂಗೆ ಯಾವ ಕಡೆ ಬೇಕೋ ಆ ಕಡೆ ಎತ್ತು ಹೂಡ್ತಿ."

ಅವಳ ಮಾತನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಈ ಅಧ್ಯಾಯವನ್ನು ಹಿಂದೆ ಒಮ್ಮೆ ಬರೆದು ಹರಿದು ಹಾಕಿದ್ದೆ. ಅದರಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತ್ತು. ಹೊಳೆ ಹೊಳೆಯುತ್ತಿತ್ತು, ಅವ್ವ ನಗುತ್ತಿದ್ದಳು, ನೆನಪು ಕೌದಿಯ ಹಾಗೆ ತುಂಡು ತುಂಡು ಸೇರಿ ಆದದ್ದು ಎಂಬ ಸಾಲೂ ಇತ್ತು. ಹಾಗೆ ಬರೆಯುವವರು ಒದ್ದೆ ಕೌದಿಯನ್ನು ಎತ್ತಿ ನೋಡಿಲ್ಲ ಎಂದು ಆಮೇಲೆ ಅನ್ನಿಸಿತು. ಕೌದಿ ಕೌದಿಯೇ. ಅದು ಭಾರವಿತ್ತು, ನಾರುತ್ತಿತ್ತು, ಅದರ ಹೊಲಿಗೆಯ ಸಂದಿಯಲ್ಲಿ ತಿಗಣೆಗಳು ಸಂಸಾರ ಹೂಡಿದ್ದವು. ಅದರ ಮೇಲೆ ನಾನು ಜಗತ್ತಿನ ಅತ್ಯಂತ ಒಳ್ಳೆಯ ನಿದ್ದೆಗಳನ್ನು ಮಾಡಿದ್ದೇನೆ ಎಂಬುದೂ ನಿಜ.

ದಾವಣಗೆರೆಯಲ್ಲಿ ನಮ್ಮದು ಗಿರಣಿಯ ಹತ್ತಿರದ ಸಾಲುಮನೆಗಳಲ್ಲಿ ಕೊನೆಯದು. ಒಂದು ಪಡಸಾಲೆ, ಒಂದು ಅಡಿಗೆಮನೆ, ಹಿಂದೆ ಬಚ್ಚಲು. ಅಪ್ಪ ನೂಲಿನ ಖಾತೆಯಲ್ಲಿ ಕೆಲಸಕ್ಕಿದ್ದ. ಗಿರಣಿ ಕೂಗಿದರೆ ಅವನು ಏಳುತ್ತಿದ್ದ, ಕೂಗಿದರೆ ಉಣ್ಣುತ್ತಿದ್ದ, ಹೀಗಾಗಿ ಗಿರಣಿಗೆ ಹಸಿವಾದಾಗ ನಮ್ಮಪ್ಪನಿಗೂ ಹಸಿವಾಗುತ್ತದೆ ಎಂದು ನಾನು ತಿಳಿದಿದ್ದೆ. ಪಡಸಾಲೆಯ ಒಂದು ಮೂಲೆಯಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಹಗಲು ಹೊತ್ತು ಮಡಚಿ ಪೇರಿಸಿದ ಕೌದಿಗಳು. ಅಪ್ಪನ ಹಳೆ ಅಂಗಿ, ಅಜ್ಜಿಯ ಸೀರೆ, ನಮ್ಮ ಲಂಗ, ಯಾರದೆಂದು ಯಾರಿಗೂ ಗೊತ್ತಿಲ್ಲದ ಒಂದು ಹಸಿರು ರುಮಾಲು, ಎಲ್ಲವೂ ಅವುಗಳಲ್ಲಿದ್ದವು. ಆ ಪೇರಿಯ ಮೇಲೆ ಹತ್ತುವುದು ಮನೆಯಲ್ಲಿ ನಿಷಿದ್ಧ. ಆದ್ದರಿಂದ ಅದೇ ನಮ್ಮ ಆಟದ ಮೈದಾನ. ಅಕ್ಕ ಮೇಲೆ ಕೂತು ಬಂಡಿ ಹೊಡೆಯುವಳು, ನಾನು ಕೆಳಗೆ ಎತ್ತು. ಅಜ್ಜಿ, ಎಂದರೆ ಅಪ್ಪನ ತಾಯಿ, ಬಾಗಿಲ ಬೆಳಕಿಗೆ ಮೊರ ಹಿಡಿದು ಅಕ್ಕಿ ಆರಿಸುತ್ತ ಬೈಯುತ್ತಿದ್ದಳು.

"ಇಳೀರೇ, ಹಾಸಿಗಿ ಮ್ಯಾಲೆ ಕುಣಿದ್ರೆ ಮನೆಯಾಗೆ ನಿದ್ದೆ ನಿಲ್ಲಂಗಿಲ್ಲ."

ಸಂಜೆ ಅಪ್ಪ ಮನೆಯಲ್ಲಿದ್ದರೆ ಮಂಡಕ್ಕಿ. ಹಿಂದಿನ ಓಣಿಯ ಭಟ್ಟಿಯಲ್ಲಿ ಕೆಂಪಗೆ ಕಾದ ಮರಳಿಗೆ ಅಕ್ಕಿ ಸುರಿದರೆ ಅದು ಕ್ಷಣದಲ್ಲಿ ಬೆಳ್ಳಗೆ ಉಬ್ಬಿ ಬರುತ್ತಿತ್ತು. ನಾವು ಲಂಗವನ್ನೇ ಚೀಲ ಮಾಡಿ ತರುತ್ತಿದ್ದೆವು, ಹೊಟ್ಟೆಗೆ ಬಿಸಿ ತಾಗುತ್ತಿತ್ತು. ಅವ್ವ ಎಣ್ಣೆ, ಖಾರದ ಪುಡಿ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಅಗಲವಾದ ಪರಾತದಲ್ಲಿ ಕಲಸುವಳು. ಎಲ್ಲರೂ ಸುತ್ತ ಕೂತು ಕೈ ಹಾಕುವುದು. ಮಂಡಕ್ಕಿಯ ಜೊತೆ ಎಲ್ಲೋ ಒಂದು ಮರಳಿನ ಕಣ ಹಲ್ಲಿಗೆ ಸಿಗುತ್ತಿತ್ತು, ಸಿಕ್ಕವರು ಮುಖ ಸಿಂಡರಿಸುವುದನ್ನು ನೋಡಿ ಉಳಿದವರು ನಗುವುದು. ಅಪ್ಪ ನಗುತ್ತಿದ್ದುದು ಆಗ ಮಾತ್ರ ಎಂದು ಬರೆಯಲು ಕೈ ಹೋಗುತ್ತಿದೆ. ಅದು ಸುಳ್ಳು. ಬೇರೆ ಹೊತ್ತಿನಲ್ಲೂ ನಕ್ಕಿರಬೇಕು, ನಾನು ನೋಡಿಲ್ಲ ಅಷ್ಟೆ.

ಅವ್ವನ ತವರು ಹರಿಹರ. ರೈಲಿನಲ್ಲಿ ಕೂತು ಶೇಂಗಾ ತಿನ್ನಲು ಶುರುಮಾಡಿದರೆ ಮುಗಿಯುವುದರೊಳಗೆ ಬರುವ ಊರು. ಅಷ್ಟು ಹತ್ತಿರದ ಊರಿಗೆ ಅವ್ವ ಹೋಗುವಂತಿರಲಿಲ್ಲ. ಕಾರಣ ಒಂದು ಊಟದ ಎಲೆ. ಅಪ್ಪನ ತಂಗಿಯ ಮದುವೆಯಲ್ಲಿ ಅವ್ವನ ಅಣ್ಣ, ನಮ್ಮ ಮಾವ, ಮೊದಲ ಪಂಕ್ತಿಯಲ್ಲಿ ಕೂತಿದ್ದನಂತೆ. ಎಲೆಯ ತುದಿಗೆ ಉಪ್ಪು ಬಿದ್ದಿತ್ತು, ಕೋಸಂಬರಿಯೂ ಬಿದ್ದಿತ್ತು. ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರು ತಡವಾಗಿ ಬಂದು ಜಾಗವಿಲ್ಲದೆ ನಿಂತರು. ಬಡಿಸುವವನೊಬ್ಬ ಬಂದು ಮಾವನ ಕಿವಿಯಲ್ಲಿ, "ಏಳ್ರಿ, ಮುಂದಿನ ಪಂಕ್ತಿಗೆ ಕುಂದ್ರಿ, ಮನೆಯೋರು ಹೇಳ್ಯಾರೆ" ಎಂದ. ಮಾವ ಎದ್ದ. ಮುಂದಿನ ಪಂಕ್ತಿಗೆ ಕೂರಲಿಲ್ಲ. ಚಪ್ಪರ ದಾಟಿ, ಚಪ್ಪಲಿ ಹುಡುಕಿಕೊಂಡು, ನೇರ ಸ್ಟೇಷನ್ನಿಗೆ ಹೋದ. ಮನೆಯವರು ಎಂದರೆ ಮನೆಯ ಯಜಮಾನ, ಎಂದರೆ ಅಪ್ಪ, ಎಂದು ಎಲ್ಲರೂ ತಿಳಿದರು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹಾಕಿದ ಎಲೆ ಬಿಟ್ಟು ಹೋದವನ ಹೊಸ್ತಿಲನ್ನು ನನ್ನ ಮನೆಯವರು ಯಾರೂ ತುಳಿಯಬಾರದು ಎಂದ. ಆ ಮನೆಯವರ ಜೊತೆ ಮಾತಾಡಿದರೆ ನನ್ನ ನಾಲಿಗೆ ನಾಲಿಗೆಯಲ್ಲ ಎಂದು ಮಾವ ಹರಿಹರದಲ್ಲಿ ಹೇಳಿದ್ದು ಯಾರ ಮೂಲಕವೋ ನಮಗೆ ಮುಟ್ಟಿತು. ಆ ಮನೆಯವರಲ್ಲಿ ಅವ್ವನೂ ಸೇರಿದ್ದಳು, ಪಾಪ.

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂದರೆ ನಮ್ಮ ಕಡೆ ಹಾಸಿಗೆ ತೊಳೆಯುವ ಕಾಲ. ವರ್ಷದ ಮೈಬೆವರು, ಎಣ್ಣೆ, ಕೂಸುಗಳ ಉಚ್ಚೆ ಎಲ್ಲ ಹೊತ್ತ ಕೌದಿಗಳನ್ನು ಹರಿಯುವ ನೀರಿಗೆ ಒಯ್ಯಬೇಕು. ಆಗ ನಮ್ಮ ಸಾಲಿಗೆಲ್ಲ ಒಂದೇ ಬಾವಿ, ಅದೂ ಬೇಸಿಗೆಯಲ್ಲಿ ಕೆಸರು. ಜಗಳವಾದ ವರ್ಷ ಅವ್ವ ಅಡಿಗೆಮನೆಯ ಒಳಗಿಂದ, ಒಲೆಯ ಕಡೆ ಮುಖ ಮಾಡಿಕೊಂಡೇ, ಪಡಸಾಲೆಯಲ್ಲಿದ್ದ ಅಪ್ಪನಿಗೆ ಕೇಳಿದಳು.

"ಹರಿಹರದ ಹೊಳೆಗೆ ಹೋಗಿ ಹಾಸಿಗಿ ತೊಳ್ಕಂಡು ಬರ್ತೀನಿ. ಹೊಳೆಗೇನು ಹೊಸ್ತಿಲು ಇರಂಗಿಲ್ಲಲ್ಲ?"

ಅಪ್ಪ ಬೀಡಿ ಹಚ್ಚಿದ. ಉತ್ತರ ಬಂದದ್ದು ಅಜ್ಜಿಯಿಂದ.

"ಹೊಲಸು ನಾರಾಕೆ ಹತ್ತ್ಯಾವೆ. ಹೋಗಿ ಬರ್ಲಿ ಬಿಡು."

ಹೀಗೆ ನಮಗೆ ಹೊಳೆ ಸಿಕ್ಕಿತು. ಬೆಳಗಿನ ಪ್ಯಾಸೆಂಜರ್ ರೈಲಿಗೆ ಅವ್ವ, ಅಕ್ಕ, ನಾನು, ಮತ್ತು ಹಳೆ ಸೀರೆಗಳಲ್ಲಿ ಗಂಟು ಕಟ್ಟಿದ ಮನೆಯ ಅಷ್ಟೂ ಹಾಸಿಗೆ. ಡಬ್ಬಿಯಲ್ಲಿದ್ದವರು ಮೂಗು ಮುಚ್ಚಿಕೊಂಡು ಜಾಗ ಬಿಡುತ್ತಿದ್ದರು. "ಏನವ್ವ, ಮನೆನೇ ಕಿತ್ಕಂಡು ಹೊಂಟಿಯಲ್ಲ" ಎಂದು ಒಬ್ಬ ಮುದುಕ ಕೇಳಿದರೆ ಅವ್ವ, "ಇಲ್ಲ ಯಜ್ಜಾ, ಗಂಡನ್ನ ಬಿಟ್ಟು ಬಂದೀನಿ, ಅವನು ಗಂಟಿನಾಗೆ ಹಿಡೀಲಿಲ್ಲ" ಎಂದಳು. ಇಡೀ ಡಬ್ಬಿ ನಕ್ಕಿತು. ಮನೆಯಲ್ಲಿ ಹೀಗೆ ಮಾತಾಡುವ ಅವ್ವನನ್ನು ನಾನು ಕಂಡಿರಲಿಲ್ಲ.

ಹರಿಹರದ ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಮಾವನ ಬಂಡಿ ನಿಂತಿರುತ್ತಿತ್ತು. ಯಾರು ಹೇಳಿಕಳಿಸುತ್ತಿದ್ದರೋ ತಿಳಿಯದು. ಮಾವ ನಮಗೆ ಬೆನ್ನು ಮಾಡಿ ಬಂಡಿಯ ಮುಂದಿನ ಮರ, ಮೂಕಿಯ ಮೇಲೆ ಕೂತಿರುತ್ತಿದ್ದ. ನಾವೇ ಗಂಟುಗಳನ್ನು ಏರಿಸಿ, ನಾವೇ ಹತ್ತಿ ಕೂರಬೇಕು. ಬಂಡಿ ಹೊರಟು ಸ್ವಲ್ಪ ದೂರ ಹೋದ ಮೇಲೆ ಮಾವ ಎಡಗಡೆಯ ಎತ್ತಿನ ಬಾಲ ಸವರಿ ಮಾತು ತೆಗೆಯುತ್ತಿದ್ದ.

"ಏ ಬಸ್ಯಾ, ಯಾಕೋ ಸೊರಗೀಯಲ್ಲ. ಆ ಊರಾಗೆ ಹೊಟ್ಟಿಗೆ ಹಾಕಂಗಿಲ್ಲೇನು?"

ಎತ್ತು ಆ ಊರನ್ನು ಕಂಡದ್ದೇ ಇಲ್ಲ. ಅದು ಕಿವಿ ಅಲ್ಲಾಡಿಸುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವ್ವ, ಗಂಟಿನ ಮೇಲೆ ಕೂತಲ್ಲಿಂದಲೇ, ಅದೇ ಎತ್ತಿಗೆ ಹೇಳುತ್ತಿದ್ದಳು.

"ಬಸ್ಯಾ, ನಿಂಗೆ ಕಣ್ಣು ಮಂಜಾಗ್ಯಾವೆ. ನಾನು ದಪ್ಪ ಆಗೀನಿ. ನೀನು ಹೆಂಗಿದ್ದಿ? ರಾತ್ರಿ ಕೆಮ್ಮು ಕಡಿಮಿ ಆತಾ?"

"ಕೆಮ್ಮು ಹೋತು ಅಂತ ಹೇಳೋ ಬಸ್ಯಾ. ನಮ್ಮವ್ವ ಆಡುಸೋಗೆ ಸೊಪ್ಪಿನ ಕಷಾಯ ಕುಡಿಸಿ ಕುಡಿಸಿ, ಈಗ ಬಾಯಾಗೆ ಬೆಲ್ಲ ಹಾಕಿದ್ರೂ ಕಹಿ."

"ಕಹಿ ಬಾಯಿ ಮೊದಲಿಂದ ಇತ್ತು ಅಂತ ಹೇಳು."

ಮಾವನ ಬೆನ್ನು ನಗುವುದನ್ನು ನಾನು ನೋಡಿದ್ದೇನೆ. ಮುಖ ನೋಡಿದ ನೆನಪಿಲ್ಲ. ಯಾರು ಹೆತ್ತರು, ಯಾವ ಎಮ್ಮೆ ಈಯಿತು, ಯಾವ ಗೆಳತಿಯ ಗಂಡ ಕುಡಿಯುತ್ತಾನೆ, ವರ್ಷದ ಸುದ್ದಿಯೆಲ್ಲ ಆ ಎತ್ತಿನ ಮೂಲಕ ಹಾದು ಹೊಳೆಯ ದಡಕ್ಕೆ ತಲುಪುತ್ತಿತ್ತು. ಬಲಗಡೆಯ ಎತ್ತಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಇದರಿಂದ ಅದಕ್ಕೆ ಬೇಜಾರಾಗುತ್ತದೆ ಎಂದು ನನಗೆ ಚಿಂತೆಯಾಗುತ್ತಿತ್ತು. ಅಕ್ಕನ ಸಾಕ್ಷ್ಯ ಇದಕ್ಕೆ ತದ್ವಿರುದ್ಧವಾಗಿದೆ ಎಂದು ಮತ್ತೊಮ್ಮೆ ದಾಖಲಿಸಿ ಮುಂದೆ ಹೋಗುತ್ತೇನೆ.

ಬೇಸಿಗೆಯ ತುಂಗಭದ್ರೆ ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು. ದಡದಲ್ಲಿ ಹರಿಹರದಜ್ಜಿ, ಅವ್ವನ ತಾಯಿ, ತನ್ನ ಮನೆಯ ಕೌದಿಗಳನ್ನು ಗುಡ್ಡೆ ಹಾಕಿಕೊಂಡು ಕಾದಿರುತ್ತಿದ್ದಳು. ಅವ್ವನನ್ನು ಕಂಡವಳೇ ಅಳುತ್ತಿದ್ದಳು ಎಂದು ನೀವು ಎಣಿಸಿದರೆ ತಪ್ಪು. "ಬೇಗ ಬಾರೇ, ಬಿಸಿಲು ಏರಿತು" ಎನ್ನುತ್ತಿದ್ದಳು. ಒಗೆಯುವ ಸೋಡಾದ ನೀರಿನಲ್ಲಿ ನೆನೆಸಿದ ಕೌದಿಗಳನ್ನು ಬಂಡೆಯ ಮೇಲೆ ಹಾಸಿ ತುಳಿಯುವುದು ನಮ್ಮ ಕೆಲಸ. ಅವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಮ್ಮ ಜೊತೆ ಕುಣಿಯುತ್ತಿದ್ದಳು. ಕಾಲ ಕೆಳಗಿಂದ ಕಪ್ಪು ನೀರು, ಆಮೇಲೆ ಕಂದು, ಆಮೇಲೆ ಅಕ್ಕಿ ತೊಳೆದ ನೀರಿನಂಥದು. ಹಿಂಡುವಾಗ ಒಂದು ತುದಿಗೆ ಅವ್ವ, ಇನ್ನೊಂದಕ್ಕೆ ಅವಳ ತಾಯಿ. ಇಬ್ಬರೂ ಎದುರುಬದುರು ನಿಂತು ಕೌದಿಯನ್ನು ಹಗ್ಗದ ಹಾಗೆ ತಿರುವುತ್ತ ಮಾತಾಡುತ್ತಿದ್ದರು, ನೀರು ಸೋರುವುದು ನಿಂತರೂ ತಿರುವುತ್ತಲೇ ಇರುತ್ತಿದ್ದರು.

ಮಾವ ಮೇಲೆ ದಿಬ್ಬದಲ್ಲಿ ಬಂಡಿಯ ನೆರಳಿಗೆ ಕೂತಿರುತ್ತಿದ್ದ. ಊಟದ ಹೊತ್ತಿಗೆ ಅವನ ಕಡೆಯಿಂದ ಒಂದು ಕಲ್ಲಂಗಡಿ ಹಣ್ಣು ಮರಳಿನ ಇಳಿಜಾರಿನಲ್ಲಿ ಉರುಳಿಕೊಂಡು ಬರುತ್ತಿತ್ತು. ಹೊಳೆಯ ಪಾತ್ರದಲ್ಲೇ ಬೆಳೆದದ್ದು. ಅಕ್ಕ ಮತ್ತು ನಾನು ಕಿರುಚುತ್ತ ಓಡಿ ಅದನ್ನು ನೀರಿಗೆ ಬೀಳುವ ಮೊದಲು ಹಿಡಿಯಬೇಕು. ಮರಳ ಮೇಲೆ ಒಣಗಲು ಹಾಸಿದ ಕೌದಿಗಳ ನಡುವೆ ಕೂತು ಜೋಳದ ರೊಟ್ಟಿ, ಎಣಗಾಯಿ, ಮೊಸರು, ಕೊನೆಗೆ ನಾವು ತಂದ ದಾವಣಗೆರೆಯ ಮಂಡಕ್ಕಿ. ಹರಿಹರದಜ್ಜಿ ಅದನ್ನು ಬೊಗಸೆಯಲ್ಲಿ ಹಿಡಿದು, "ಎಷ್ಟು ಹಗುರ ನೋಡು ನಿಮ್ಮೂರು" ಎನ್ನುತ್ತಿದ್ದಳು. ಆಮೇಲೆ ಅರ್ಧ ಒಣಗಿದ ಕೌದಿಯ ಮೇಲೆ ಅಂಗಾತ ಮಲಗುವುದು. ಬೆನ್ನಿಗೆ ತಂಪು, ಹೊಟ್ಟೆಗೆ ಬಿಸಿಲು, ಹಲ್ಲಿನ ನಡುವೆ ಮರಳು. ಸುಖ ಎಂಬ ಪದ ಕೇಳಿದರೆ ಇಂದಿಗೂ ನನ್ನ ಬೆನ್ನಿಗೆ ಮೊದಲು ಗೊತ್ತಾಗುತ್ತದೆ.

ಸಂಜೆ ಮನೆಗೆ ಬಂದಾಗ ಅಪ್ಪ ಗೋಡೆಯ ಕಡೆ ನೋಡುತ್ತ, "ಹೊಳೆ ಹೆಂಗಿತ್ತು?" ಎನ್ನುತ್ತಿದ್ದ. "ಆರಾಮ ಐತೆ. ಕೆಮ್ಮು ಹೋಗೈತೆ" ಎಂದು ಅವ್ವ ಹೇಳಿದರೆ ಅಪ್ಪ ತಲೆಯಾಡಿಸುತ್ತಿದ್ದ. ನಾವು ಮರುದಿನದಿಂದಲೇ ಕೌದಿಯ ಪೇರಿಯ ಮೇಲೆ ಬಂಡಿ ಆಟ ಶುರುಮಾಡುತ್ತಿದ್ದೆವು. ಅಕ್ಕ ಮಾವ, ನಾನು ಬಸ್ಯ. "ಏ ಬಸ್ಯಾ, ಆ ಊರಾಗೆ ಹೊಟ್ಟಿಗೆ ಹಾಕಂಗಿಲ್ಲೇನು?" ಅಜ್ಜಿ ಮೊರದಲ್ಲಿ ಬೆರಳಾಡಿಸುತ್ತ ಕಲ್ಲು ಹೆಕ್ಕುತ್ತಿದ್ದಳು.

ಒಂದು ವರ್ಷ ನಮ್ಮ ಸಾಲಿಗೆ ನಲ್ಲಿ ಬಂತು. ಬಂದದ್ದು ನಮ್ಮ ಬಾಗಿಲ ಎದುರಿಗೇ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ದಿನವೂ ಒಂದು ಕಲ್ಲಿನ ಮೇಲೆ ಕೂತು ಕಾವಲು ಕಾಯತೊಡಗಿದಳು. ತಿರುವಿದರೆ ನೀರು ಬರುವುದೂ, ಮತ್ತೆ ತಿರುವಿದರೆ ನಿಲ್ಲುವುದೂ ಅವಳಿಗೆ ತನ್ನದೇ ಸಾಧನೆಯಂತೆ ಕಾಣುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಅವ್ವ ಗಂಟು ಕಟ್ಟುವ ಸೀರೆಗಳನ್ನು ಹೊರತೆಗೆದಾಗ ಅಜ್ಜಿ ಹೇಳಿದಳು.

"ಗಿರಿಜಾ, ಗಂಗಮ್ಮ ಬಾಗಿಲಿಗೆ ಬಂದು ನಿಂತಾಳೆ. ಹೊಳೆಗೆ ಯಾಕ ಹೋಗಬೇಕು? ಇಲ್ಲೇ ಒಗಿ."

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ನಲ್ಲಿಯ ಮುಖ ನೋಡಿದ. ಹೋಗಲಿ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅವ್ವ ಸೀರೆಗಳನ್ನು ಮಡಚಿಟ್ಟಳು. ನಮಗೆ ತಪ್ಪಿದ್ದು ಕಲ್ಲಂಗಡಿ. ಅವಳಿಗೆ ತಪ್ಪಿದ್ದು ವರ್ಷಕ್ಕೊಮ್ಮೆ ತಾಯಿಯ ಎದುರು ನಿಂತು ಕೌದಿ ತಿರುವುವ ಆ ಗಳಿಗೆ, ಮತ್ತು ಆ ಎತ್ತು. ಅಷ್ಟು ಅರ್ಥವಾಗುವ ವಯಸ್ಸು ಅಕ್ಕನಿಗೆ ಬಂದಿತ್ತು. ಅವಳು ಅವತ್ತು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ನಲ್ಲಿಯ ಕೆಳಗೆ ಎಲ್ಲ ಕೌದಿಗಳನ್ನೂ ಒಗೆದಳು. ನಮ್ಮ ಸಾಲಿನ ಆಚೆ, ಬಯಲು ದಾಟಿದರೆ, ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ ಇತ್ತು. ನಮ್ಮ ಬಾಯಲ್ಲಿ ಜಿನ್ನು. ಅದು ಹತ್ತಿಯ ಸುಗ್ಗಿ. ಇಡೀ ದಿನ ಗಾಳಿಯಲ್ಲಿ ಬಿಳಿ ಎಳೆಗಳು ತೇಲುತ್ತಿದ್ದವು. ನಾವು ಅವನ್ನು ಹಿಡಿದು ಉಗುಳು ಹಚ್ಚಿ ಮೀಸೆ ಮಾಡಿಕೊಳ್ಳುತ್ತಿದ್ದೆವು. ಸಾಲಿನ ಹೆಂಗಸರೆಲ್ಲ ಆ ದಿನಗಳಲ್ಲಿ ಬಟ್ಟೆಯನ್ನು ಹಿತ್ತಲಲ್ಲಿ ಒಣಹಾಕುತ್ತಿದ್ದರು. ಅವ್ವ ಕೌದಿಗಳನ್ನು ಬಯಲಿನ ಬೇಲಿಯ ಮೇಲೆ, ಜಿನ್ನಿಗೆ ಎದುರಾಗಿ, ಉದ್ದಕ್ಕೆ ಹರವಿದಳು. ಹಿತ್ತಲಲ್ಲಿ ಅಷ್ಟೆಲ್ಲ ಹಿಡಿಯುವುದಿಲ್ಲ ಎಂಬುದು ನಿಜವೇ. ಆದರೆ ಹರವುವ ಮೊದಲು ಅವಳು ಸೆರಗಿನ ತುದಿಯನ್ನು ಎತ್ತಿ ಹಿಡಿದು ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿದ್ದು ನನಗೆ ನೆನಪಿದೆ.

"ಸೆರಗಿನಾಗೆ ಮುಖ ಒರೆಸ್ಕಂಡಳು ಅಷ್ಟೆ" ಎನ್ನುತ್ತಾಳೆ ಅಕ್ಕ. "ಅಕಿ ಅಷ್ಟು ಪಾಕಡಾ ಇರ್ಲಿಲ್ಲ."

ಇರಬಹುದು. ಬಹುಶಃ ಅವ್ವ ಸ್ವಲ್ಪ ಪಾಕಡಾ, ಸ್ವಲ್ಪ ಚಾಲಾಕಿ ಆಗಿರಲಿ ಎಂಬುದು ನನ್ನ ಆಸೆ. ಸಂಜೆಗೆ ಅಜ್ಜಿ ಕೋಲೂರಿಕೊಂಡು ಬೇಲಿಯ ಹತ್ತಿರ ಹೋಗಿ ನೋಡಿದಳು. ಒದ್ದೆ ಕೌದಿಗಳ ಮೈತುಂಬ ಹತ್ತಿ ಅಂಟಿ, ಒಣಗಿ, ಪ್ರತಿಯೊಂದೂ ಕೂದಲು ಬಂದ ಪ್ರಾಣಿಯಂತೆ ಮಲಗಿತ್ತು. ಅಜ್ಜಿ ತನ್ನ ಕೌದಿಯನ್ನು ಗುರುತು ಹಿಡಿಯಲಾರದೆ ಒಂದೊಂದನ್ನೂ ಕೋಲಿನಿಂದ ತಿವಿದಳು.

"ಏನೇ ಇದು, ಮನೆ ತುಂಬ ಕುರಿ ಸಾಕಿಯಲ್ಲ."

"ನಲ್ಲಿ ನೀರು ಅತ್ತೇರ" ಎಂದಳು ಅವ್ವ, ತಲೆ ಎತ್ತದೆ.

ಅಜ್ಜಿ ಜಿನ್ನಿನ ಕಡೆ ನೋಡಿದಳು, ಬೇಲಿಯ ಕಡೆ ನೋಡಿದಳು, ಬಹಳ ಹೊತ್ತು ಸೊಸೆಯ ಕಡೆ ನೋಡಿದಳು.

"ಹೊಳೆಗೇ ಹೋಗಾಣ. ನಾನೂ ಬರ್ತೀನಿ."

ಅವ್ವನ ಮುಖ ಅರಳಿ ಅಷ್ಟೇ ಬೇಗ ಬಾಡಿತು. ಅಜ್ಜಿ ಬಂದರೆ ಬಂಡಿ ಇರುತ್ತದೋ ಇಲ್ಲವೋ, ಇದ್ದರೂ ಎತ್ತಿನ ಜೊತೆ ಮಾತು ಹೇಗೆ? ರೈಲಿನಲ್ಲಿ ಅವ್ವ ಯಾರನ್ನೂ ನಗಿಸಲಿಲ್ಲ. ಸ್ಟೇಷನ್ನಿನ ಹೊರಗೆ ಬೇವಿನ ಕೆಳಗೆ ಬಂಡಿ ಇತ್ತು. ಮಾವ ಒಮ್ಮೆ ಹಿಂತಿರುಗಿ ನೋಡಿ, ಅಜ್ಜಿಯನ್ನು ಕಂಡು, ಮುಖ ತಿರುಗಿಸಿಕೊಂಡ. ಆದರೆ ಬಂಡಿ ಹೊಡೆದುಕೊಂಡು ಹೋಗಲಿಲ್ಲ. ಅಕ್ಕ ಮತ್ತು ಅವ್ವ ಅಜ್ಜಿಯನ್ನು ಎತ್ತಿ ಗಂಟುಗಳ ನಡುವೆ ಕೂರಿಸಿದರು. ಸಂತೆಯ ರಸ್ತೆ ಕಳೆಯಿತು, ದೇವಸ್ಥಾನದ ಗೋಡೆ ಕಳೆಯಿತು. ಮಾವನ ಬಾಯಿಂದ "ಹೈ" ಎಂಬುದು ಬಿಟ್ಟು ಬೇರೆ ಮಾತಿಲ್ಲ. ಅವ್ವ ಗಂಟಿನ ಗಂಟನ್ನು ಬಿಚ್ಚುತ್ತಿದ್ದಳು, ಕಟ್ಟುತ್ತಿದ್ದಳು. ಹೊಳೆಗೆ ಇಳಿಯುವ ತಿರುವು ಬಂದಾಗ ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ಏ ಬಸ್ಯಾ."

ಅವ್ವನ ಕೈ ನಿಂತಿತು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ಮೊರದ ಹಿಂದೆ ಕೂತು ಅಷ್ಟು ವರ್ಷವೂ ಅಜ್ಜಿ ನಮ್ಮ ಆಟವನ್ನೆಲ್ಲ ಕೇಳಿಸಿಕೊಂಡಿದ್ದಳು.

"ಬಸ್ಯಾ, ನಿನ್ನ ಯಜಮಾನಗೆ ಒಂದು ಮಾತು ಹೇಳಪ್ಪ. ಅವತ್ತು ಪಂಕ್ತ್ಯಾಗಿಂದ ಎಬ್ಬಿಸು ಅಂತ ಬಡಿಸಾನಿಗೆ ಹೇಳಿದಾಕಿ ನಾನು. ಗಂಡಿನ ಕಡೆ ಹಿರೇರು ನಿಂತ್ಕಂಡಿದ್ರು, ನಂಗೆ ಕೈಕಾಲು ಆಡ್ಲಿಲ್ಲ. ನಮ್ಮವನೇ ಅಲ್ವಾ, ತಪ್ಪು ತಿಳಿಯಂಗಿಲ್ಲ ಅಂದ್ಕಂಡೆ. ನನ್ನ ಮಗ ಆಗ ಅಡಿಗೆ ಚಪ್ಪರದಾಗೆ ತುಪ್ಪ ಕಾಯಿಸ್ತಿದ್ದ. ಹೆತ್ತಾಕಿ ಹೆಸರು ಹೆಂಗೆ ಹೇಳಾದು ಅಂತ ಇವತ್ತಿಗೂ ಬಾಯಿ ಮುಚ್ಕಂಡು ಕುಂತಾನೆ."

ಮಾವನ ಬೆನ್ನು ಹಾಗೇ ಇತ್ತು. ಇಳಿಜಾರು ಶುರುವಾದಾಗ ಅವನು ಮುಂದೆ ಬಾಗಿ ಎತ್ತಿನ ಬೆನ್ನ ಮೇಲೆ ಕೈಯಿಟ್ಟ.

"ಮೆಲ್ಲಕ ನಡಿ ಬಸ್ಯಾ. ತಗ್ಗೈತೆ. ಹಿರೇರು ಕುಂತಾರೆ."

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಂದಿನ ಊಟದಲ್ಲಿ ಅಜ್ಜಿ ಮೊದಲ ರೊಟ್ಟಿಯನ್ನು ಮಾವನ ಮುಂದೆ ಇಡಿಸಿದಳು, ಅವನು ನಮ್ಮೆಲ್ಲರ ಸಾಲಿನಲ್ಲಿ ಕೂತು ಉಂಡ. ಅಕ್ಕನ ಪ್ರಕಾರ ಅವನು ದಿಬ್ಬ ಇಳಿಯಲೇ ಇಲ್ಲ, ರೊಟ್ಟಿ ಅವನಿದ್ದಲ್ಲಿಗೆ ಹೋಯಿತು, ಹೊತ್ತುಕೊಂಡು ಹೋದವಳು ಅವಳೇ. ಹೊತ್ತವಳ ಮಾತನ್ನು ನಂಬಬೇಕಲ್ಲವೇ. ಆದರೆ ನನಗೆ ಮರಳಿನ ಮೇಲೆ ಮಡಚಿದ ಅವನ ಕಾಲುಗಳು ಕಾಣುತ್ತವೆ, ಒಡೆದ ಹಿಮ್ಮಡಿ ಸಮೇತ. ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ.

ಮುಂದಿನ ವರ್ಷದ ಯುಗಾದಿಗೆ ನಾವೆಲ್ಲ ಹೊಸಬಟ್ಟೆ ಹಾಕಿಕೊಂಡು, ಅಪ್ಪನ ಜೊತೆ, ಹರಿಹರದ ಮನೆಯ ಹೊಸ್ತಿಲನ್ನು ಬಲಗಾಲಿಟ್ಟು ದಾಟಿದೆವು. ಕೌದಿಗಳನ್ನು ಅದಕ್ಕೆ ಮೊದಲೇ ನಲ್ಲಿಯಲ್ಲಿ ಒಗೆದಾಗಿತ್ತು, ಹಿತ್ತಲಲ್ಲಿ, ಎರಡೆರಡರಂತೆ. ಒಂದು ಎಳೆ ಹತ್ತಿಯೂ ಅಂಟಿರಲಿಲ್ಲ. ಅವ್ವ ಆಮೇಲೆ ಬೇಕಾದಾಗ ತವರಿಗೆ ಹೋಗಿಬಂದಳು. ಹೊಳೆಗೆ ನಾವು ಮತ್ತೆ ಹಾಸಿಗೆ ಒಯ್ಯಲಿಲ್ಲ. ಒಯ್ಯಲು ಕಾರಣವಿರಲಿಲ್ಲ. ನನ್ನ ಬಾಲ್ಯದ ಅತ್ಯಂತ ಸಿಹಿಯಾದ ದಿನಗಳು ಇಬ್ಬರು ದೊಡ್ಡವರು ಮಾತು ಬಿಟ್ಟಿದ್ದರಿಂದ ದೊರೆತವು, ಅವರು ಮಾತಾಡಿದ ದಿನ ಮುಗಿದವು. ಇದನ್ನು ಅವ್ವನಿಗೆ ಹೇಳಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು, ಬಾರಿಸಬೇಕಾದ್ದೇ.

ಆ ಮೊದಲ ದಿನ ಮಾವನ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಅಪ್ಪ ಮತ್ತು ಮಾವ ಗೋಡೆಗೆ ಒರಗಿ ಕೂತು ಮಳೆಯ ಬಗ್ಗೆ ಎರಡು ಮಾತಾಡಿದರು, ಮಳೆ ಇನ್ನೂ ದೂರವಿತ್ತು. ಮಾವ ಅವ್ವನ ಕಡೆ ತಿರುಗಿ ಅವಳ ಮುಖ ನೋಡಿಯೇ ಕೇಳಿದ.

"ಆರಾಮ?"

"ಆರಾಮ. ನೀನು?"

"ಆರಾಮ."

ಅಲ್ಲಿಗೆ ಮುಗಿಯಿತು. ಅವ್ವ ಬಳೆ ತಿರುಗಿಸಿಕೊಂಡಳು. ಮಾವ ನೀರಿನ ಲೋಟವನ್ನು ಎಡಗೈಯಿಂದ ಬಲಗೈಗೆ ಬದಲಿಸಿದ. ಸ್ವಲ್ಪ ಹೊತ್ತು ಕೂತು ಅವ್ವ ಎದ್ದು ಹಿತ್ತಲಿಗೆ ಹೋದಳು. ಕೊಟ್ಟಿಗೆಯ ಕಡೆಯಿಂದ ಅವಳ ದನಿ ಕೇಳಿಸಿತು.

"ಏ ಬಸ್ಯಾ, ನಿಂಗೂ ವಯಸ್ಸಾತಲ್ಲೋ. ಮೊಣಕಾಲು ಹಿಡೀತಾವಾ? ಒಬ್ಬನೇ ಏನೂ ಹೇಳದಂಗೆ ಕುಂತಿಯಲ್ಲ."

ಮಾವ ಲೋಟವನ್ನು ಕೆಳಗಿಟ್ಟು, ಪಂಚೆ ಕೊಡವಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಹಿತ್ತಲಿಗೆ ನಡೆದ.

ಇದು ಅಕ್ಕನಿಗೂ ನೆನಪಿದೆ. ಅವ್ವ ಕರೆದದ್ದು ಮಾತ್ರ "ಮಲ್ಲಾ" ಎಂದು.